ಸುದ್ದಿ ತರೋದು ಬ್ಯಾರೆ, ತೂಗೋದು ಬ್ಯಾರೆ: ಮಗಳಿಗೊಂದು ಪತ್ರ

ಕಲಬುರಗಿ

ಅವ್ವಾ, ಅಪ್ಪನ ಆಶೀರ್ವಾದ.

ಹೊರದೇಶದ ಸುದ್ದಿ ತರೋ ರಾ ಅದ, ದೇಶದೊಳಗಿನ ಸುದ್ದಿ ನೋಡೋ ಐಬಿ ಅದ, ಮೂರೂ ಸೇನೆಗೆ ತಮ್ಮತಮ್ಮ ಗುಪ್ತಚರ ವಿಭಾಗ ಅವ. ಇಷ್ಟಿದ್ದ ಮ್ಯಾಲ ಡಿಫೆನ್ಸ್ ಇಂಟೆಲಿಜೆನ್ಸ್ ಏಜೆನ್ಸಿ (ಡಿಐಎ) ಅಂತ ಇನ್ನೊಂದು ಯಾಕ ಅಂತ ಕೇಳಿದ್ದಿ. ಫೋನಿನಾಗ ಹೇಳಿ ಮುಗಿಯೋ ಮಾತಲ್ಲ, ಅದಕ್ಕ ಬರೀಲಿಕ್ಕತ್ತೀನಿ. ಸುದ್ದಿ ತರೋದು ಒಂದು ಕೆಲಸ. ಬಂದದ್ದನ್ನ ತೂಗಿ, ‘ಇದರ ಅರ್ಥ ಇದು, ಇದನ್ನ ಇಷ್ಟು ನಂಬಬಹುದು’ ಅಂತ ಸಹಿ ಹಾಕೋದು ಇನ್ನೊಂದು ಕೆಲಸ. ಈ ಎರಡನೇದ್ದು ಯಾರ ಪಾಲಿಗೂ ಗಟ್ಟಿಯಾಗಿ ಬರದಿದ್ದರ ಏನಾಗ್ತದ ಅಂತ 1999ರಾಗ ಕಾರ್ಗಿಲ್ ತೋರಿಸ್ತು.

ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಕಾರ್ಗಿಲ್ ಪರಿಶೀಲನಾ ಸಮಿತಿ ವರದಿ ನೀನು ಓದಲೇಬೇಕು. ಅದರಾಗ ಎರಡು ಮಾತು ಗುರುತು ಹಾಕ್ಕೋ. ಮೊದಲನೇದು, ಕಾರ್ಗಿಲ್ ಎದುರಿನ ಭಾಗದಾಗ 1998ರಾಗ ಯಾವ ಪಾಕ್ ಬೆಟಾಲಿಯನ್ ಬಂತು, ಯಾವುದು ಹೋಯ್ತು ಅನ್ನೋ ಮಾಹಿತಿ ಇರಲಿಲ್ಲ. ಅದನ್ನೇ ಸಮಿತಿ ಗುಪ್ತಚರದ ದೊಡ್ಡ ಸೋಲು ಅಂತು. ಎರಡನೇದು ಇನ್ನೂ ಬ್ಯಾಸರದ್ದು. ಜೂನ್ 1998ರಾಗ ಗಡಿಯಾಚೆಯ ಚಟುವಟಿಕೆ ಬಗ್ಗೆ ಐಬಿ ಒಂದು ವರದಿ ಕಳಿಸಿತ್ತು. ಅದು ದೊಡ್ಡ ದೊಡ್ಡ ಮೇಜಿಗೆ ಹೋಯ್ತು, ಖರೇ ಬೇಕಾಗಿದ್ದ ಮೂವರಿಗೆ ಮಾತ್ರ ಕಳಿಸಲಿಲ್ಲ: ರಾ ಕಾರ್ಯದರ್ಶಿ, ಜಂಟಿ ಗುಪ್ತಚರ ಸಮಿತಿ ಅಧ್ಯಕ್ಷ, ಸೇನಾ ಗುಪ್ತಚರದ ಮಹಾನಿರ್ದೇಶಕ. ಚೂರು ಇತ್ತು, ಆದರ ಜೋಡಿಸೋ ಕೈಗೆ ಸಿಗಲಿಲ್ಲ.

ಆಮ್ಯಾಲ ಮಂತ್ರಿಗಳ ಗುಂಪು 2001ರಾಗ ಶಿಫಾರಸು ಮಾಡ್ತು, ಮಾರ್ಚ್ 2002ರಾಗ ಡಿಐಎ ಶುರುವಾಯ್ತು. ಲೆಫ್ಟಿನೆಂಟ್ ಜನರಲ್ ಕಮಲ್ ದಾವರ್ ಮೊದಲ ಮಹಾನಿರ್ದೇಶಕ. ಉಪಗ್ರಹ ಚಿತ್ರ ಓದೋ ಕೇಂದ್ರ, ವೈರಿಯ ರೇಡಿಯೊ ಸಂದೇಶ ಕದ್ದು ಕೇಳೋ ಸಿಗ್ನಲ್ ಗುಪ್ತಚರ ವಿಭಾಗ ಇದರ ಕೆಳಗ ಬಂದ್ವು. ಮೂರೂ ಸೇನೆಯ ಸ್ವಂತ ನಿರ್ದೇಶನಾಲಯಗಳು ಹಾಂಗೇ ಉಳಿದ್ವು. ತನ್ನ ಸುದ್ದಿ ಮತ್ತೊಬ್ಬರ ಮೇಜಿಗೆ ಬಿಟ್ಟುಕೊಡೋದು ಯಾವ ಕಚೇರಿಗೂ ಸಲೀಸಲ್ಲ, ಆದೇಶ ಹೊರಡಿಸಿದಷ್ಟಕ್ಕ ಆಗೋದೂ ಅಲ್ಲ.

ಇನ್ನ ತೂಗೋದು ಹ್ಯಾಂಗ ಅಂತ ಕೇಳು. ಬಂದ ಪ್ರತಿ ಸುದ್ದಿಗೂ ಒಂದು ಅಕ್ಷರ, ಒಂದು ಅಂಕಿ ಹಾಕ್ತಾರ. ಅಕ್ಷರ ಅನ್ನೋದು ಸುದ್ದಿ ಹೇಳಿದವನಿಗೆ, ಎ-ಯಿಂದ ಎಫ್ ತನಕ. ಅಂಕಿ ಅನ್ನೋದು ಅವನು ಹೇಳಿದ ಮಾತಿಗೆ, 1ರಿಂದ 6. ಎ ಅಂದ್ರ ಪೂರಾ ನಂಬಿಗಸ್ತ, 1 ಅಂದ್ರ ಬ್ಯಾರೆ ಮೂಲದಿಂದ ಖಾತ್ರಿಯಾದದ್ದು. ಎಫ್6 ಅಂದ್ರ ಸುಳ್ಳು ಅಂತಲ್ಲ, ‘ಹೇಳಲಿಕ್ಕ ಬರೂದಿಲ್ಲ’ ಅಂತ. ಹೊಸಬರು ಎಡವೋದು ಇಲ್ಲೇ: ಮನುಷ್ಯಾ ಎ ಆದ್ರ ಮಾತೂ 1 ಅಂತ ಬರೆದುಬಿಡ್ತಾರ. ನಂಬಿಗಸ್ತನೂ ಕೇಳಿದ ಮಾತು ಹೇಳಬಹುದು.

ಇನ್ನೊಂದು ಗುಂಡಿ ಅದ. ಗಂಜಿನಾಗ ಮೂರು ಅಡತಿ ಅಂಗಡಿಯವರು ‘ನಾಳೆ ತೊಗರಿ ದರ ಬೀಳ್ತದ’ ಅಂದ್ರ ಮೂರು ಸಾಕ್ಷಿ ಅನಿಸ್ತದ. ಮೂವರಿಗೂ ಹೇಳಿದ ದಲಾಲ ಒಬ್ಬನೇ ಇದ್ರ ಅದು ಒಂದೇ ಮಾತು. 2003ರ ಇರಾಕ್ ಯುದ್ಧಕ್ಕ ಮೊದಲು ಅಮೆರಿಕ ಹೇಳಿದ, ಇರಾಕಿನ ಸಂಚಾರಿ ಜೈವಿಕ ಅಸ್ತ್ರ ಘಟಕಗಳ ಕತೆ ಬಹುಮಟ್ಟಿಗೆ ‘ಕರ್ವ್‌ಬಾಲ್’ ಅನ್ನೋ ಗುಪ್ತನಾಮದ ಒಬ್ಬನ ಮ್ಯಾಲ ನಿಂತಿತ್ತು. ಅವನ ಮಾತು ಜರ್ಮನಿಯಿಂದ ಅಮೆರಿಕದಾಗೂ ಇರೋ ಇದೇ ಹೆಸರಿನ ಡಿಐಎ ಕೈಗೆ ಬಂದು, ಅಲ್ಲಿಂದ ನೂರರ ಹತ್ತಿರ ವರದಿಯಾಗಿ ಹಂಚಿ ಹೋಯ್ತು. ಕಾಗದ ಹೆಚ್ಚಾದ್ವು, ಬಾಯಿ ಮಾತ್ರ ಒಂದೇ. ಯುದ್ಧ ಆದ ಮ್ಯಾಲ ಕತೆ ಪೂರಾ ಹುಸಿ ಅಂತ ಬಯಲಾಯ್ತು.

ವೈರಿಯ ತಾಕತ್ತು ಮತ್ತ ಇರಾದೆ, ಎರಡನ್ನೂ ಬ್ಯಾರೆ ಬ್ಯಾರೆ ಕಾಲಂನಾಗ ಬರೀಬೇಕು. ತೋಪು, ಟ್ಯಾಂಕು ಉಪಗ್ರಹದಾಗ ಕಾಣ್ತಾವ, ಆದ್ರ ಅವು ಕವಾಯತಿಗೂ ಬಂದಿರಬಹುದು. ಅದಕ್ಕ ಕವಾಯತಿಗೆ ಅಷ್ಟಾಗಿ ಬೇಡದ್ದನ್ನ ಹುಡುಕ್ತಾರ: ಮದ್ದುಗುಂಡಿನ ದಾಸ್ತಾನು, ನದಿ ದಾಟಲಿಕ್ಕ ಸೇತುವೆ ಸಾಮಾನು, ಇಂಧನ, ಯುದ್ಧಭೂಮಿ ಆಸ್ಪತ್ರೆ, ರಕ್ತದ ಸಂಗ್ರಹ. ರಕ್ತ ಭಾಳ ದಿನ ಇಡಲಿಕ್ಕ ಬರೂದಿಲ್ಲ. ಬಳಸೋ ವಿಚಾರ ಇಲ್ಲದೆ ಯಾರೂ ಗಡಿಗೆ ಸಾಗಿಸೋದಿಲ್ಲ. ತಲೆ ಎಣಿಸಿದ್ರೂ ಸಾಲೂದಿಲ್ಲ. ನಮ್ಮ ಭಾಗದ್ದೇ ತೊಗೋ. 1948ರ ಸೆಪ್ಟೆಂಬರ್ 13ಕ್ಕ ನಿಜಾಮರ ಹೈದರಾಬಾದ್ ಸಂಸ್ಥಾನದ ಮ್ಯಾಲ ಭಾರತ ಸೇನೆಯ ಕಾರ್ಯಾಚರಣೆ, ಆಪರೇಷನ್ ಪೋಲೋ, ಶುರುವಾದಾಗ ಹೈದರಾಬಾದ್ ಸೇನೆ ಕಾಗದದ ಮ್ಯಾಲ 20,000 ಮೀರಿತ್ತು, ಮ್ಯಾಲ ನಿಜಾಮರ ಪರ ಇದ್ದ ಖಾಸಗಿ ಪಡೆ ರಜಾಕಾರರು. ಹೆಚ್ಚೆಂದ್ರ ಮೂರು ವಾರ ಹಿಡೀತದ ಅನ್ನೋ ಅಂದಾಜಿತ್ತು. 17ಕ್ಕ ನಿಜಾಮರು ಕದನ ನಿಲ್ಲಿಸಿದ್ರು. ಸರಿಯಾಗಿ ತರಬೇತಿ, ಹತಾರ ಇದ್ದವರು ಆ ಪಟ್ಟಿಯೊಳಗ ಸ್ವಲ್ಪೇ ಮಂದಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಮೊದಲೇ ಮನಸಿನಾಗ ಕುಂತ ತೀರ್ಮಾನ. 1973ರಾಗ ಇಸ್ರೇಲಿನ ಸೇನಾ ಗುಪ್ತಚರದವರಿಗೆ ಸುದ್ದಿಯ ಬರ ಇರಲಿಲ್ಲ. ಇಸ್ರೇಲಿನ ವಿಮಾನ ನೆಲೆಗೆ ಹೊಡೆಯೋ ದೂರಗಾಮಿ ಬಾಂಬರ್ ಸಿಗೋ ತನಕ ಈಜಿಪ್ಟ್ ಯುದ್ಧಕ್ಕ ಬರೂದಿಲ್ಲ, ಈಜಿಪ್ಟ್ ಬಿಟ್ಟು ಸಿರಿಯಾ ಬರೂದಿಲ್ಲ ಅಂತ ಅವರು ಕುಂತಿದ್ರು. ಹೊಸಾ ಸುದ್ದಿ ಬಂದಂಗೆಲ್ಲ ಇದಕ್ಕ ಹೊಂದಿಸಿ ಓದಿದ್ರು. ಅದೇ ವರ್ಷ ಮೇ ತಿಂಗಳಾಗ ಸೇನೆ ಸಜ್ಜು ಮಾಡಿ, ಯುದ್ಧ ಆಗದೆ ಖರ್ಚು ಮೈಮ್ಯಾಲ ಬಂದಿತ್ತು. ಅದೂ ಧೈರ್ಯ ಕಸಗೊಂಡಿತ್ತು. ಅಕ್ಟೋಬರ್ 6ಕ್ಕ ಎರಡೂ ದೇಶ ಕೂಡೇ ಮ್ಯಾಲ ಬಿದ್ವು. ಆಮ್ಯಾಲ ಎದುರುವಾದ ಮಾಡಲಿಕ್ಕಂತೇ ಒಂದು ವಿಭಾಗ ಕಟ್ಟಿದ್ರು. ನನಗ ಅದರ ಮ್ಯಾಲ ಅರ್ಧ ನಂಬಿಗಿ. ದಿನಾ ‘ಇಲ್ಲ’ ಅನ್ನೋನ ಮಾತು ನಾಲ್ಕು ತಿಂಗಳಿಗೆ ಯಾರೂ ಕೇಳೂದಿಲ್ಲ. ಅದಕ್ಕಿಂತ, ಸಾಧ್ಯ ಇರೋ ವಿವರಣೆಗಳನ್ನ ಮ್ಯಾಲ ಅಡ್ಡಕ್ಕ ಬರೆದು, ಸಾಕ್ಷಿಗಳನ್ನ ಎಡಕ್ಕ ಇಳಿಸಿ, ಯಾವ ಸಾಕ್ಷಿ ಯಾವ ವಿವರಣೆಯನ್ನ ಮುರೀತದ ಅಂತ ನೋಡೋ ಕೋಷ್ಟಕ ಹೆಚ್ಚು ಕೆಲಸಕ್ಕ ಬರ್ತದ. ಎಲ್ಲಾ ವಿವರಣೆಗೂ ಹೊಂದೋ ಸಾಕ್ಷಿ ಎಷ್ಟೇ ಝಗಝಗ ಅಂದ್ರೂ ತೂಕ ಸೊನ್ನೆ.

ಕಡೀಗೆ ಬರವಣಿಗೆ. ತೀರ್ಮಾನ ಮೊದಲ ಸಾಲಿನಾಗ ಇರಬೇಕು, ಓದೋ ಮಂತ್ರಿಗೆ ಎರಡನೇ ಪುಟಕ್ಕ ಪುರಸೊತ್ತಿರೂದಿಲ್ಲ. 1951ರಾಗ ಅಮೆರಿಕದವರು ಯುಗೊಸ್ಲಾವಿಯಾ ಮ್ಯಾಲ ದಾಳಿಯ ‘ಗಂಭೀರ ಸಾಧ್ಯತೆ’ ಅದ ಅಂತ ಬರೆದ್ರು. ಬರೆದವರನ್ನೇ ಶೆರ್ಮನ್ ಕೆಂಟ್ ಅನ್ನೋ ಸಿಐಎ (ಅಮೆರಿಕದ ಗುಪ್ತಚರ ಸಂಸ್ಥೆ) ಅಧಿಕಾರಿ ಕೇಳಿದ್ರ, ಒಬ್ಬನ ಮನಸಿನಾಗ ಶೇ. 20, ಇನ್ನೊಬ್ಬನ ಮನಸಿನಾಗ ಶೇ. 80! ಅದಕ್ಕೇ ಈಗ ಪದಕ್ಕ ಅಂಕಿ ಕಟ್ಟಿದ ಪಟ್ಟಿ ಅವ. ‘ಸಂಭವ ಅದ’ ಅಂದ್ರ ಬ್ರಿಟನ್ನಿನಾಗ ಶೇ. 55ರಿಂದ 75, ಅಮೆರಿಕದಾಗ 55ರಿಂದ 80. ಅದರ ಜತಿಗೆ ವಿಶ್ವಾಸದ ಮಟ್ಟ ಬ್ಯಾರೆ ಬರೀತಾರ: ಹೆಚ್ಚು, ಮಧ್ಯಮ, ಕಡಿಮೆ. ಸಂಭವ ಘಟನೆಗೆ ಸೇರಿದ್ದು, ವಿಶ್ವಾಸ ನಿನ್ನ ಸಾಕ್ಷಿಗೆ ಸೇರಿದ್ದು. ಒಂದೇ ವಾಕ್ಯದಾಗ ಎರಡೂ ಕಲಸಬ್ಯಾಡ.

ಈ ವಾರದಿಂದ ಒಂದು ನೋಟ್‌ಬುಕ್ ಇಡು. ಪೇಪರಿನ ವಿದೇಶ ಸುದ್ದಿ ಓದಿ ಮುಂದ ಏನಾಗ್ತದ ಅಂತ ಹತ್ತು ವಾಕ್ಯ ಬರಿ. ಎದುರಿಗೆ ಶೇಕಡಾ, ತಾರೀಖು, ಯಾವ ಸುದ್ದಿ ಬಂದ್ರ ಮನಸ್ಸು ಬದಲಿಸ್ತಿ ಅನ್ನೋದು. ಪೆನ್ನಿನಾಗೇ ಬರಿ, ಅಳಿಸಬ್ಯಾಡ. ದೀಪಾವಳಿಗೆ ಬರೋವಾಗ ತೊಗೊಂಡು ಬಾ, ಕೂಡಿ ಲೆಕ್ಕ ನೋಡೋಣ.

ನಿನ್ನ ಅಪ್ಪ