ಎಲೆ ಹೇಳಿದ್ರಿ, ಕೂರೋ ಜಾಗ ಹೇಳ್ಲಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಪೋಕರ್ ಬಗ್ಗೆ ಬಂದಿದ್ದ ಬರಹ ಓದ್ದೆ, ಚೆನ್ನಾಗೇ ಇತ್ತು, ಆದ್ರೆ ಕೊನೇಲಿ ಬಾಕ್ಸ್ ಕಟ್ಟಿ 'ಕಣ್ಮುಚ್ಚಿ ಆಡಬಹುದಾದ ಹತ್ತು ಕೈಗಳು' ಅಂತ ಹಾಕಿದೀರಲ್ಲ, ಅದೊಂದು ಸರಿ ಬರ್ಲಿಲ್ಲ ನನಗೆ. ಕೈ ಅಂದ್ರೆ ಶುರುಲಿ ಸಿಗೋ ಎರಡು ಎಲೆ, ಆ ಹತ್ತರಲ್ಲಿ ಎಕ್ಕ-ಗುಲಾಮನೂ ಇದೆ. ಕಣ್ಮುಚ್ಚಿ ಆಡೋ ಕೈ ಅಲ್ಲ ಸ್ವಾಮಿ ಅದು.

ಮೊದ್ಲೇ ಹೇಳ್ಬಿಡ್ತೀನಿ, ನಾನು ದುಡ್ಡಿಟ್ಟು ಆಡೋನಲ್ಲ. 2025ರ ಆಗಸ್ಟಲ್ಲಿ ಆನ್‌ಲೈನ್ ದುಡ್ಡಿನಾಟ ನಿಷೇಧ ಮಾಡೋ ಕಾಯ್ದೆ ಪಾರ್ಲಿಮೆಂಟಲ್ಲಿ ಪಾಸಾದಾಗ ಒಳ್ಳೇದೇ ಆಯ್ತು ಅಂದ್ಕೊಂಡೋನು. ನಮ್ಮನೇಲಿ ದೀಪಾವಳಿಗೆ ಎಂಟೊಂಬತ್ತು ಜನ ಸೇರ್ತೀವಿ, ಹುಣಸೆ ಬೀಜ ಹಂಚ್ಕೊಂಡು ಕೂರ್ತೀವಿ ಅಷ್ಟೇ. ಮೊದ್ಲೆಲ್ಲ ರಮ್ಮಿ ಆಡ್ತಿದ್ವಿ, ಅಳಿಯ ಬಂದ್ಮೇಲೆ ಟೆಕ್ಸಾಸ್ ಹೋಲ್ಡೆಮ್ ಶುರುವಾಯ್ತು, ಕೈಗೆ ಎರಡೇ ಎಲೆ, ಆಮೇಲೆ ಎಲ್ರಿಗೂ ಸೇರಿ ಮಧ್ಯ ಐದು ಎಲೆ ಬಿಚ್ಚೋದು.

ಆಶ್ಚರ್ಯ ಏನಂದ್ರೆ ನಮ್ ಭಾವಮೈದ ರಮ್ಮಿಲಿ ಭಾರೀ ಲೆಕ್ಕದ ಮನುಷ್ಯ, 101 ಪಾಯಿಂಟ್ ಮುಟ್ಟಿದೋನು ಔಟ್ ಅನ್ನೋ ಪೂಲ್ ಆಟದಲ್ಲಿ ಜೋಕರ್ ಇಲ್ಲ ಸೀಕ್ವೆನ್ಸ್ ಇಲ್ಲ ಅಂದ್ರೆ ಇಪ್ಪತ್ತು ಪಾಯಿಂಟ್ ಹೋದ್ರೆ ಹೋಗ್ಲಿ ಅಂತ ಮೊದ್ಲಿಗೇ ಡ್ರಾಪ್ ಹೊಡೀತಾನೆ, ಮಧ್ಯದಲ್ಲಿ ಬಿಟ್ರೆ ನಲವತ್ತು, ಸಿಕ್ಹಾಕ್ಕೊಂಡ್ರೆ ಎಂಬತ್ತರ ತನಕ ಹೋಗುತ್ತೆ ಅಂತ ಗೊತ್ತು ಅವನಿಗೆ. ಅದೇ ಮನುಷ್ಯ ಪೋಕರಲ್ಲಿ ಎಕ್ಕ-ಆರು ಬಂದ್ರೂ ಬಿಡಲ್ಲ. ಇಲ್ಲಿ ಬ್ಲೈಂಡ್ (ಎಲೆ ನೋಡೋ ಮೊದ್ಲೇ ಸರದಿ ಪ್ರಕಾರ ಇಬ್ರು ಕಟ್ಟಲೇಬೇಕಾದ ಬೀಜ) ಕಟ್ಟಿರದಿದ್ರೆ ಡ್ರಾಪ್ ಬಿಟ್ಟಿ ಕಣಯ್ಯಾ, ಒಂದು ಬೀಜಾನೂ ಹೋಗಲ್ಲ, ಅಂದ್ರೆ "ಎಕ್ಕ ಕಣೋ ಭಾವ, ಎಕ್ಕ!" ಅಂತಾನೆ.

ನಾನು ಬ್ಯಾಂಕಲ್ಲಿ ಮೂವತ್ತು ವರ್ಷ ಲೆಡ್ಜರ್ ನೋಡಿದೋನು, ಹಾಗಾಗಿ ಲೆಕ್ಕ ಹಾಕ್ಕೊಂಡು ಕೂತೆ. 52 ಎಲೇಲಿ ಎರಡು ಎಲೆ 1,326 ಥರ ಬರಬಹುದು. ಎರಡೂ ಎಕ್ಕ ಬರೋದು ಅದರಲ್ಲಿ ಬರೀ 6, ಅಂದ್ರೆ 221 ಸಲಕ್ಕೊಂದು. ಯಾವ್ದೋ ಒಂದು ಜೋಡಿ ಅಂದ್ರೂ ಹದಿನೇಳು ಸಲಕ್ಕೆ ಒಂದು. ಸುಮ್ನೆ ಕೂತಿರೋದೇ ಹೆಚ್ಚು ಈ ಆಟದಲ್ಲಿ, ಬೇಜಾರಿಗೇ ಅರ್ಧ ಜನ ಕೆಟ್ಟ ಎಲೆ ಆಡ್ತಾರೆ ಅನ್ನೋದು ನನ್ನ ಅನುಮಾನ. ಇನ್ನು ಎರಡೆಕ್ಕ ಬಂದ್ರೂ ಎದುರಿಗೆ ಒಬ್ಬನಿದ್ರೆ ನೂರಕ್ಕೆ 85 ಸಲ ಗೆಲ್ತೀವಿ, ಎದುರಿಗೆ ನಾಲ್ಕು ಜನ ಕೊನೇತನಕ ಉಳಿದ್ರೆ 56ಕ್ಕೆ ಇಳಿಯುತ್ತೆ, ಅದಕ್ಕೇ ಅಂಥ ಎಲೆ ಬಂದಾಗ ಜಾಸ್ತಿ ಕಟ್ಟಿ ಜನ ಕಮ್ಮಿ ಮಾಡ್ಕೋಬೇಕು, ಮುಖ ಮುಚ್ಕೊಂಡು ಕಾಯೋದಲ್ಲ.

ಈಗ ನಿಮ್ಮ ಎಕ್ಕ-ಗುಲಾಮಕ್ಕೆ ಬರ್ತೀನಿ. ಒಂಬತ್ತು ಜನರ ಟೇಬಲಲ್ಲಿ ಬ್ಲೈಂಡ್ ಆದ ತಕ್ಷಣ ಮೊದಲು ಮಾತಾಡೋ ಜಾಗದಲ್ಲಿ ನೀವು ಕೂತಿದೀರ ಅಂದ್ಕೊಳ್ಳಿ, ನಿಮ್ಮ ನಂತರ ಎಂಟು ಜನ ಇನ್ನೂ ಬಾಯಿ ಬಿಟ್ಟಿಲ್ಲ. ಅವರಲ್ಲಿ ಒಬ್ಬನ ಹತ್ರ ಎಕ್ಕ-ರಾಜ ಇದ್ರೆ ನೀವು ಗೆಲ್ಲೋದು ನಾಲ್ಕಕ್ಕೆ ಒಂದು ಸಲ. ಅದಕ್ಕಿಂತ ಕೆಟ್ಟದ್ದು ಏನು ಗೊತ್ತಾ, ಮಧ್ಯ ಎಕ್ಕ ಬಿದ್ದಾಗ ಇಬ್ರಿಗೂ ಖುಷಿ, ಇಬ್ರೂ ಕಟ್ತಾ ಹೋಗ್ತೀರ, ಮನೆ ಖಾಲಿ ಆಗೋದು ಮಾತ್ರ ನಿಮ್ದು. ಎಲೆ ಬರದೇ ಸೋಲೋನಿಗೆ ಸ್ವಲ್ಪ ಹೋಗುತ್ತೆ, ಬಂದು ಸೋಲೋನಿಗೆ ಪೂರ್ತಿ ಹೋಗುತ್ತೆ. ಅದೇ ಎರಡು ಎಲೆ ಡೀಲರ್ ಬಟನ್ ಅನ್ನೋ ಜಾಗದಲ್ಲಿ (ಎಲೆ ಹಂಚೋನ ಜಾಗ) ಬಂದು, ಮುಂದಿನೋರೆಲ್ಲ ಬಿಟ್ಟು ಹೋಗಿದ್ರೆ? ಉಳಿದೋರು ಬ್ಲೈಂಡ್ ಕಟ್ಟಿರೋ ಇಬ್ರೇ, ಆಮೇಲಿನ ಎಲ್ಲಾ ಸುತ್ತಲ್ಲೂ ನೀವೇ ಕೊನೇಗೆ ಮಾತಾಡೋದು, ಆಗ ಧೈರ್ಯವಾಗಿ ಕಟ್ಟಬಹುದು. ಮೊದಲ ಜಾಗದಲ್ಲಿ ನೂರಕ್ಕೆ ಹತ್ತು ಹದಿನೈದು ಕೈ ಆಡೋ ಗಟ್ಟಿ ಆಟಗಾರರು ಬಟನಲ್ಲಿ ನಲವತ್ತರ ತನಕ ಆಡ್ತಾರೆ, ಅದು ಸುಮ್ಮನೆ ಅಲ್ಲ.

ಎರಡೂ ಇಸ್ಪೀಟು ಅಥವಾ ಎರಡೂ ಕಳಾವರ್ ಬಂತು ಅಂತ ಕುಣಿಯೋರಿಗೂ ಒಂದು ಮಾತು. ಮಧ್ಯದ ಮೊದಲ ಮೂರು ಎಲೇಲೇ ಫ್ಲಶ್ (ಐದೂ ಒಂದೇ ಜಾತಿ) ಆಗೋದು ನೂರಕ್ಕೆ ಒಂದು ಸಲಾನೂ ಇಲ್ಲ. ಒಂದೇ ಜಾತಿ ಆದ್ರೆ ಎಲೆ ಸ್ವಲ್ಪ ವಾಸಿ, ಕಸ ಹೋಗಿ ಚಿನ್ನ ಆಗಲ್ಲ. ಚಿಕ್ಕ ಜೋಡಿನೂ ಅಷ್ಟೇ, ಅದೇ ಥರದ ಮೂರನೇ ಎಲೆ ಮಧ್ಯದ ಮೊದಲ ಮೂರರಲ್ಲಿ ಬೀಳೋದು ಎಂಟೊಂಬತ್ತು ಸಲಕ್ಕೊಂದು, ಕಮ್ಮಿಗೆ ನೋಡೋಕೆ ಸಿಕ್ರೆ ಮಾತ್ರ ನೋಡಿ.

ಇಷ್ಟು ಹೇಳಿದ್ರೆ ಭಾವಮೈದ ತೆಗೆಯೋ ಅಸ್ತ್ರ ಡಾಯ್ಲ್ ಬ್ರನ್ಸನ್ ಅನ್ನೋ ಅಮೆರಿಕದ ಪೋಕರ್ ಆಟಗಾರ. 1976 ಮತ್ತೆ 1977, ಎರಡು ವರ್ಷನೂ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಕೊನೇ ಆಟನ ಹತ್ತು-ಎರಡು ಅನ್ನೋ ದರಿದ್ರ ಎಲೇಲಿ ಗೆದ್ದ ಪುಣ್ಯಾತ್ಮ, ನಿಜ. ಆದ್ರೆ ಆಗ ಟೇಬಲಲ್ಲಿ ಉಳಿದಿದ್ದೋರು ಇಬ್ರೇ! ಇಬ್ರೇ ಇದ್ದಾಗ ಕೈ ಕೈಗೂ ಬ್ಲೈಂಡ್ ಕಟ್ಬೇಕು, ಒಳ್ಳೇ ಎಲೆ ಬರ್ಲಿ ಅಂತ ಕೂತ್ರೆ ಕರಗಿ ಹೋಗ್ತೀರ. ಒಂಬತ್ತು ಜನರ ಮಧ್ಯ ಕೂತು ಅದನ್ನೇ ಮಾಡಿದ್ರೆ ಹುಣಸೆ ಬೀಜ ಪಕ್ಕದ ಮನೆಯಿಂದ ತರ್ಬೇಕಾಗುತ್ತೆ.

ಅದಕ್ಕೇ ಕೇಳ್ಕೋತೀನಿ, ಆ ಬಾಕ್ಸನ್ನ ಮೊದಲ ಜಾಗ, ಮಧ್ಯ, ಬಟನ್ ಅಂತ ಮೂರು ಭಾಗ ಮಾಡಿ ಇನ್ನೊಂದ್ಸಲ ಹಾಕಿ, ಜಾಗ ಸಾಲ್ದಿದ್ರೆ ರಾಶಿಭವಿಷ್ಯ ಒಂದೆರಡು ಸಾಲು ಕಮ್ಮಿ ಮಾಡಿ. ಭಾವಮೈದ ಈಗಾಗ್ಲೇ ನಿಮ್ಮ ಹಳೇ ಬಾಕ್ಸ್ ಕತ್ತರಿಸಿ ಪರ್ಸಲ್ಲಿ ಇಟ್ಕೊಂಡಿದಾನೆ, ದೀಪಾವಳಿಗೆ ತರ್ತೀನಿ ಅಂದಿದಾನೆ.

ಇತಿ,
ನಿಮ್ಮ ಹಳೇ ಓದುಗ, ಶಿವಮೊಗ್ಗ