ಹೊಸ ಮೀನಿನ ತೊಟ್ಟಿಗಳ ನೀರಿನ ಪರೀಕ್ಷೆ: ಭಾನುವಾರದೊಳಗೆ ತಿಳಿಸಿ
ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಕಳೆದ 6 ವಾರಗಳಲ್ಲಿ ಹೊಸದಾಗಿ ಸಿಹಿನೀರಿನ ಅಕ್ವೇರಿಯಂ ಆರಂಭಿಸಿದವರು ಈ ಭಾನುವಾರ ಸಂಜೆಯೊಳಗೆ ನೀರಿನ ಅಮೋನಿಯಾ, ನೈಟ್ರೈಟ್ ಮತ್ತು ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಪರೀಕ್ಷಿಸಿ, ಅಳತೆಗಳನ್ನು ಇಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಕಡಿಮೆ ಅಪಾಯಕಾರಿಯಾದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುವುದರಿಂದ, ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಮೀನುಗಳಿಗೆ ವಿಷವಾಗಿರಬಹುದು. ಪಿಎಚ್ ಮತ್ತು ಉಷ್ಣತೆ ಏರಿದಷ್ಟೂ ಅಮೋನಿಯಾದ ಅಪಾಯ ಹೆಚ್ಚು.

ಅಮೋನಿಯಾ ಅಥವಾ ನೈಟ್ರೈಟ್ ಸೊನ್ನೆಗಿಂತ ಹೆಚ್ಚು ಕಂಡುಬಂದರೆ ಕಾಲು ಭಾಗದಷ್ಟು ನೀರನ್ನು ಅಂದೇ ಬದಲಿಸಿ, ಆಹಾರವನ್ನು ಕಡಿಮೆ ಮಾಡಿ. ಹಾಕುವ ನೀರು ಕ್ಲೋರಿನ್ ನಿವಾರಿಸಿದ್ದಾಗಿರಲಿ, ಉಷ್ಣತೆಯೂ ಹೊಂದಲಿ. ಫಿಲ್ಟರಿನ ಸ್ಪಂಜನ್ನು ದಯವಿಟ್ಟು ನಲ್ಲಿಯ ಕೆಳಗೆ ತೊಳೆಯಬೇಡಿ; ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು, ಏಕೆಂದರೆ ಆ ಬ್ಯಾಕ್ಟೀರಿಯಾಗಳು ಬಹುಪಾಲು ಸ್ಪಂಜಿನಲ್ಲೇ ಇರುತ್ತವೆ. ನಾನು ಕಂಡಂತೆ ಅತಿಯಾದ ಶುಚಿತ್ವದ ಕಾಳಜಿಯಿಂದಲೇ ಆಗುವ ತಪ್ಪಿದು.

ಮೀನುಗಳು ಮೇಲ್ಮೈಗೆ ಬಂದು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದರೆ ಭಾನುವಾರಕ್ಕೆ ಕಾಯದೆ ಕೂಡಲೇ ತಿಳಿಸಿ. ಪರೀಕ್ಷಾ ಕಿಟ್ ಇಲ್ಲದವರೂ ಉತ್ತರಿಸಿ. ಇರುವವರು ದಯವಿಟ್ಟು ಅವರಿಗೆ ನೆರವಾಗಿ.