ಟ್ರಾಲಿಗೂ ಒಂದು ಚೆಂಡುಹೂವಿನ ಮಾಲೆ

ಹೋದ ವರ್ಷದ ಖಂಡೇನವಮಿಗೆ ಪುಣೆ ಬಳಿಯ ಭೋಸರಿಯಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ನಮ್ಮ ಪ್ರೆಸ್‌ ಶಾಪಿನಲ್ಲಿ ಎಲ್ಲ ಯಂತ್ರಗಳಿಗೂ ಕುಂಕುಮ ಹಚ್ಚಿದ್ದರು. ಚಹಾದ ಥರ್ಮಾಸಿಗೂ ಹಚ್ಚಿದ್ದರು. ಡೈಗಳನ್ನು, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚುಗಳನ್ನು, ಸಾಗಿಸಲು ನಾನು ತರಿಸಿದ್ದ ಹೊಸ ಟ್ರಾಲಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಈ ಸಲ ಅದರ ಹಿಡಿಕೆಗೆ ಚೆಂಡುಹೂವಿನ ಮಾಲೆ ಬಿದ್ದಿದೆ, ಅದೂ ನಮ್ಮ ಹಿರಿಯ ಕೆಲಸಗಾರ ಕಾಕಾ ಅವರ ಕೈಯಿಂದ. ಅದಕ್ಕೇ ಈ ನಾಲ್ಕು ಸಾಲು.

ಒಂದು ಡೈ ಇಳಿಸಿ ಇನ್ನೊಂದನ್ನು ಏರಿಸಲು ನಮ್ಮಲ್ಲಿ ಎರಡೂವರೆ ಗಂಟೆ ಹಿಡಿಯುತ್ತಿತ್ತು. 1969ರಲ್ಲಿ ಟೊಯೋಟಾದ ಸಾವಿರ ಟನ್ನಿನ ಪ್ರೆಸ್ಸಿನಲ್ಲಿ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ನಾಲ್ಕು ಗಂಟೆಯ ಇದೇ ಕೆಲಸವನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದ್ದನ್ನು ಓದಿ ನನಗೆ ಹುಮ್ಮಸ್ಸು ಏರಿತ್ತು. ಯಂತ್ರ ನಿಂತಾಗಲೇ ಮಾಡಬೇಕಾದದ್ದು ಯಾವುದು, ಅದು ಓಡುತ್ತಿರುವಾಗಲೇ ಮುಗಿಸಿಡಬಹುದಾದದ್ದು ಯಾವುದು ಎಂದು ಬೇರ್ಪಡಿಸುವುದೇ ಅದರ ಗುಟ್ಟು. ಆದರೆ ನಾನು ಮೊದಲು ಮಾಡಿದ್ದೇನು? ಸ್ಟಾಪ್‌ವಾಚ್ ಹಿಡಿದು ಕೆಲಸಗಾರರ ಬೆನ್ನ ಹಿಂದೆ ನಿಂತೆ. ಶುದ್ಧ ಮೂರ್ಖತನ. ಎರಡೂವರೆ ಗಂಟೆಯ ಕೆಲಸ ಮರುವಾರವೇ ಮೂರು ಗಂಟೆಯಾಯಿತು.

ಕಾಕಾ ವಿಜಯಪುರದ ಕಡೆಯವರು, ಇಪ್ಪತ್ತಾರು ವರ್ಷಗಳಿಂದ ಡೈ ಸೆಟ್ಟರ್. ಒಂದು ಸಂಜೆ ಗೇಟಿನ ಹೊರಗೆ ಚಹಾದ ಗಾಡಿಯ ಬಳಿ ಕನ್ನಡದಲ್ಲಿ ಹೇಳಿದರು: “ಸಾಹೇಬರೇ, ನೀವು ಸಮಯ ಉಳಿಸಿದರೆ ನಮ್ಮ ಓವರ್‌ಟೈಮ್ ಹೋಗುತ್ತದೆ. ಮಗಳ ಕಾಲೇಜಿನ ಫೀ ಕಟ್ಟುತ್ತಿರುವುದೇ ಅದರಲ್ಲಿ.” ನಾಲ್ಕು ತಿಂಗಳು ನಾನು ಹಟವೆಂದು ತಿಳಿದದ್ದು ಮನೆಯ ಲೆಕ್ಕವಾಗಿತ್ತು.

ಅಮೆರಿಕದ ವರ್ಜೀನಿಯಾದ ಪೈಜಾಮ ಕಾರ್ಖಾನೆಯೊಂದರಲ್ಲಿ ನಡೆಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಂಬಿಎ ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವನು ನಾನು. ಬದಲಾವಣೆಯನ್ನು ಬರೀ ತಿಳಿಸಿ ಕೈತೊಳೆದುಕೊಂಡ ಗುಂಪಿನಲ್ಲಿ 40 ದಿನಗಳೊಳಗೆ ಶೇ 17 ಮಂದಿ ಕೆಲಸ ಬಿಟ್ಟಿದ್ದರು. ಎಲ್ಲರನ್ನೂ ಜೊತೆಗೆ ಕೂರಿಸಿಕೊಂಡು ಹೊಸ ವಿಧಾನ ರೂಪಿಸಿದ ಗುಂಪುಗಳಲ್ಲಿ ಒಬ್ಬರೂ ಬಿಡಲಿಲ್ಲ. ಅಂಕ ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ಮೂರು ವಾರ ಪಟ್ಟು ಬಿಡದೆ ಕೂತು, ಉಳಿದ ಸಮಯದ ಲಾಭದಲ್ಲಿ ಕೆಲಸಗಾರರಿಗೂ ಪಾಲು ಎಂದು ಬರವಣಿಗೆಯಲ್ಲಿ ಪಡೆದ ಯೂನಿಯನ್ ಪ್ರತಿನಿಧಿಗೆ ನಾನು ಋಣಿ. ಗೊಣಗುತ್ತಲೇ ಸಹಿ ಹಾಕಿದ ಮಾಲೀಕರಿಗೂ. ನನ್ನ ಹರಕು ಮರಾಠಿಯನ್ನು ನಗದೆ ಕೇಳಿಸಿಕೊಂಡ ಎರಡನೇ ಪಾಳಿಯ ಹುಡುಗರಿಗೆ ವಿಶೇಷ ಧನ್ಯವಾದ.

ಸಹಿಯಾದ ಮರುದಿನ ಕಾಕಾ ತಮ್ಮ ಬಟ್ಟೆಯ ಗಂಟನ್ನು ನನ್ನೆದುರು ಮೊದಲ ಬಾರಿ ಬಿಚ್ಚಿದರು. ಒಳಗೆ ಎತ್ತರ ಹೊಂದಿಸುವ ತೆಳು ತಗಡಿನ ತುಂಡುಗಳು, ಒಂದೊಂದರ ಮೇಲೂ ಯಾವ ಡೈಗೆ ಎಂದು ಬಣ್ಣದ ಗುರುತು. “ಡೈಗಳ ಅಡಿಗೆ ಪಟ್ಟಿ ಕೊಟ್ಟು, ಬಿಗಿಹಿಡಿಯುವ ಕ್ಲಾಂಪಿನ ಎತ್ತರ ಎಲ್ಲಕ್ಕೂ ಒಂದೇ ಮಾಡಿಸಿ. ಬೋಲ್ಟು ಹುಡುಕುವುದೇ ತಪ್ಪುತ್ತದೆ,” ಎಂದರು. ಟೂಲ್‌ ರೂಮಿನವರು ಮಾಡಿಕೊಟ್ಟರು. ನಾಲ್ಕು ಅಳತೆಯ ಸ್ಪ್ಯಾನರುಗಳ ಜಾಗದಲ್ಲಿ ಈಗ ಒಂದೇ ಸಾಕು. ಕಳೆದ ತಿಂಗಳು ಮೂವತ್ತೈದು ನಿಮಿಷಕ್ಕೆ ಬಂದೆವು. ಶಿಂಗೊ ನಗಬಹುದು, ನಾವು ಪೇಢೆ ಹಂಚಿದೆವು.

ಮೊನ್ನೆ ಮಾಲೆ ಕಟ್ಟಿದ ಮೇಲೆ ಕಾಕಾ ಟ್ರಾಲಿಯನ್ನು ಒಮ್ಮೆ ಹಿಂದೆ ಮುಂದೆ ತಳ್ಳಿ ನೋಡಿದರು. “ನಮ್ಮ ಗಾಡಿಯ ಚಕ್ರ ಕಿರುಗುಟ್ಟುತ್ತಿದೆ, ಗ್ರೀಸ್ ಹಾಕಿಸಿ,” ಎಂದರು. ಹಾಕಿಸಿದ್ದೇನೆ, ಕಾಕಾ.